ಈರುಳ್ಳಿ ಬೇರಿನ ಪ್ರಾಕ್ಟಿಕಲ್‌ಗೆ ಕಾಲ್ಚಿಸಿನ್ ಬೇಕೇ ಬೇಕಾ? ತುಮಕೂರು, ಕೋಲಾರ ಕಡೆಯ ಲ್ಯಾಬ್‌ನವರು ಸ್ವಲ್ಪ ಹೇಳಿ

ಗುಬ್ಬಿ ಬಾಟನಿ

ನಮಸ್ಕಾರ ಎಲ್ಲರಿಗೂ. ತುಮಕೂರು ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ ನಾನು. ಪ್ರತಿ ವರ್ಷ ಈರುಳ್ಳಿ ಬೇರಿನ ತುದಿಯಲ್ಲಿ ಕೋಶ ವಿಭಜನೆ ತೋರಿಸುವ ಪ್ರಾಕ್ಟಿಕಲ್ ಇರುತ್ತದೆ. ಮಕ್ಕಳು ಸ್ಲೈಡ್ ಮಾಡುತ್ತಾರೆ, ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾರೆ, ಆಮೇಲೆ ರೆಕಾರ್ಡ್ ಪುಸ್ತಕಕ್ಕೆ ಪಠ್ಯದ ಚಿತ್ರವನ್ನೇ ಇಳಿಸುತ್ತಾರೆ. ಸ್ಲೈಡಿನಲ್ಲಿ ಕಾಣುವುದು ಬಹುಪಾಲು ವಿಭಜನೆಗೆ ಇಳಿಯದ ಕೋಶಗಳೇ. ಎಲ್ಲೋ ಒಂದೆರಡು ವಿಭಜನೆಯಲ್ಲಿ ಇದ್ದರೂ ಡಿಎನ್‌ಎ ಹೊತ್ತ ಎಳೆಗಳಾದ ಕ್ರೋಮೋಸೋಮ್‌ಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಈರುಳ್ಳಿಯಲ್ಲಿ 16 ಕ್ರೋಮೋಸೋಮ್ ಎಂದು ಬಾಯಿಪಾಠ ಹೇಳುತ್ತಾರೆ, ಎಣಿಸಿದವರು ಒಬ್ಬರೂ ಇಲ್ಲ.

ಬೇರನ್ನು ಮೊದಲು ಗಿಡದ ವಿಷವಾದ ಕಾಲ್ಚಿಸಿನ್‌ನಲ್ಲಿ ನೆನೆಸಿದರೆ ವಿಭಜನೆ ಮಧ್ಯದಲ್ಲೇ ನಿಲ್ಲುತ್ತದೆ, ಎಣಿಸುವುದು ಸುಲಭ. ಆದರೆ ನಮ್ಮಲ್ಲಿ ಅದನ್ನು ತರಿಸುವುದೇ ಬೇಡ ಎನ್ನುತ್ತಿದ್ದಾರೆ. ವಿಷ, ಹೆಚ್ಚುಕಮ್ಮಿ ಆದರೆ ಯಾರು ಹೊಣೆ ಅಂತ. ನನಗೆ ಎರಡೂ ಕಡೆ ನ್ಯಾಯ ಕಾಣುತ್ತಿದೆ. ನಿಮ್ಮ ಲ್ಯಾಬ್‌ಗಳಲ್ಲಿ ಏನು ಮಾಡುತ್ತೀರಿ?

ತಿಪಟೂರು ನಿವೃತ್ತ ಮೇಷ್ಟ್ರು

ತರಿಸಲೇಬೇಕು ಮೇಡಂ. ಕ್ರೋಮೋಸೋಮನ್ನು ಕಣ್ಣಾರೆ ಕಾಣದೆ ಸಸ್ಯಶಾಸ್ತ್ರದ ಡಿಗ್ರಿ ಕೊಡುವುದು ಯಾವ ನ್ಯಾಯ? ನಮ್ಮ ಕಾಲದಲ್ಲಿ ಬ್ರೌನ್ ಬಾಟಲಿಯಲ್ಲಿ ಬೀರುವಿನೊಳಗೆ ಬೀಗ ಹಾಕಿ ಇಡುತ್ತಿದ್ದೆವು. 0.05 ಪರ್ಸೆಂಟ್ ದ್ರಾವಣ, ಮೂರು ನಾಲ್ಕು ಗಂಟೆ. ಆಮೇಲೆ ಆಲ್ಕೋಹಾಲ್ ಮೂರು ಪಾಲು, ಅಸಿಟಿಕ್ ಆಸಿಡ್ ಒಂದು ಪಾಲು ಸೇರಿಸಿದ ಫಿಕ್ಸೇಟಿವ್, ಕೋಶ ಇದ್ದ ಹಾಗೇ ಉಳಿಯಲು. ಅಸಿಟೋಕಾರ್ಮಿನ್ ಬಣ್ಣ. ಹೆಬ್ಬೆರಳಲ್ಲಿ ಒತ್ತಿದರೆ ಹದಿನಾರೂ ಹರಡಿಕೊಂಡು ಕೂರುತ್ತಿದ್ದವು.

ಚಿಂತಾಮಣಿ ಮೆಡಿಕಲ್ಸ್

ಒಂದು ನಿಮಿಷ. ಕಾಲ್ಚಿಸಿನ್ ಅಂದರೆ ಗೌಟ್‌ಗೆ ಕೊಡುವ ಮಾತ್ರೆ ಅಲ್ವಾ? ನಮ್ಮ ಅಂಗಡಿಯಲ್ಲಿ 0.5 ಮಿಲಿಗ್ರಾಂ ಸ್ಟ್ರಿಪ್ ಇದೆ. ಹೆಬ್ಬೆರಳ ಕೀಲು ಊದಿಕೊಂಡವರು ಡಾಕ್ಟರ್ ಚೀಟಿ ಹಿಡಿದು ದಿನಾ ಬರುತ್ತಾರೆ. ಅದೇ ಪದಾರ್ಥನಾ?

ಮಧುಗಿರಿ ಸೆಲ್ ಲ್ಯಾಬ್

ಅದೇ ಪದಾರ್ಥ ಅಣ್ಣ. ಆದರೆ ಗೌಟ್‌ನಲ್ಲಿ ಕೆಲಸ ಮಾಡುವ ಬಗೆ ಬೇರೆ. ಅಷ್ಟು ಕಡಿಮೆ ಡೋಸಿನಲ್ಲಿ ಅದು ಊದಿದ ಕೀಲಿಗೆ ಬಿಳಿ ರಕ್ತಕಣಗಳು ನುಗ್ಗುವುದನ್ನು ತಗ್ಗಿಸುತ್ತದೆ. ಕೋಶ ವಿಭಜನೆ ನಿಲ್ಲಿಸುವುದು ಅಲ್ಲಿ ಉದ್ದೇಶ ಅಲ್ಲ.

ವಿಭಜನೆ ಹೇಗೆ ನಿಲ್ಲುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ಮಕ್ಕಳಿಗೆ ಹೇಳಲು ಮೇಡಂಗೂ ಉಪಯೋಗ ಆಗಬಹುದು. ಜೋಡಿಯಾದ ಕ್ರೋಮೋಸೋಮನ್ನು ಎರಡೂ ಧ್ರುವಗಳಿಂದ ಎಳೆಯುವ ನಾರುಗಳು ಇರುತ್ತವೆ. ತೇರಿಗೆ ಎರಡು ಕಡೆ ಹಗ್ಗ ಕಟ್ಟಿ ಎಳೆದ ಹಾಗೆ. ಈ ನಾರು ಟ್ಯೂಬ್ಯುಲಿನ್ ಎಂಬ ಪ್ರೋಟೀನಿನ ತುಣುಕುಗಳು ಒಂದಕ್ಕೊಂದು ಸೇರಿ ಆಗುತ್ತದೆ. ಕಾಲ್ಚಿಸಿನ್ ಆ ತುಣುಕಿಗೆ ಅಂಟಿಕೊಳ್ಳುತ್ತದೆ. ತುಣುಕುಗಳು ಸೇರುವುದಿಲ್ಲ, ನಾರು ಆಗುವುದಿಲ್ಲ, ಎಳೆಯುವವರೇ ಇಲ್ಲ. ಕ್ರೋಮೋಸೋಮ್‌ಗಳು ಚೆನ್ನಾಗಿ ದಪ್ಪ ಆಗಿ, ಗಿಡ್ಡ ಆಗಿ, ನಡುವಿನಲ್ಲೇ ನಿಂತುಬಿಡುತ್ತವೆ.

ಟ್ಯೂಬ್ಯುಲಿನ್ ಪತ್ತೆ ಆಗಿದ್ದೂ ಇದರಿಂದಲೇ. 1967ರಲ್ಲಿ ಬೊರಿಸಿ ಮತ್ತು ಟೇಲರ್ ಎಂಬ ಇಬ್ಬರು ವಿಕಿರಣದ ಗುರುತು ಹಾಕಿದ ಕಾಲ್ಚಿಸಿನ್ ಕೋಶದಲ್ಲಿ ಯಾವುದಕ್ಕೆ ಅಂಟುತ್ತದೆ ಅಂತ ಹುಡುಕುತ್ತಾ ಹೋದರು. ಸಿಕ್ಕಿದ್ದು ಆ ಪ್ರೋಟೀನ್.

ಮುಳಬಾಗಿಲು ರೈತ

ಅಂದರೆ ಕೋಶ ಪೂರ್ತಿ ನಿಂತೇ ಹೋಗುತ್ತದೆ, ಸಾಯುತ್ತದೆ ಅಂತಲಾ?

ಮಧುಗಿರಿ ಸೆಲ್ ಲ್ಯಾಬ್

ಇಲ್ಲ ಅಣ್ಣ. ಡಿಎನ್‌ಎ ನಕಲು ಆಗುವುದನ್ನು ಅದು ತಡೆಯುವುದಿಲ್ಲ. ನಕಲು ಆಗಿದೆ, ಆದರೆ ಹಂಚಿಕೆ ಆಗಿಲ್ಲ. ಕೆಲವು ಕೋಶ ಸಾಯುತ್ತವೆ. ಕೆಲವು, ಅದರಲ್ಲೂ ಗಿಡಗಳಲ್ಲಿ, ಹಂಚದೆಯೇ ಮುಂದಕ್ಕೆ ಹೋಗುತ್ತವೆ. ಆಗ ಒಂದೇ ಕೋಶದಲ್ಲಿ ಎರಡರಷ್ಟು ಕ್ರೋಮೋಸೋಮ್ ಉಳಿಯುತ್ತದೆ. 1937ರಲ್ಲಿ ಬ್ಲೇಕ್ಸ್‌ಲೀ ಮತ್ತು ಏವರಿ ತೋರಿಸಿದ್ದು ಇದನ್ನೇ. ಗಿಡದ ತಳಿ ಮಾಡುವವರು ಅಲ್ಲಿಂದ ಇದರ ಹಿಂದೆ ಬಿದ್ದರು.

ಮಾಲೂರು ಹಣ್ಣಿನ ತೋಟ

ಹಾಗಾದರೆ ಬೀಜ ಇಲ್ಲದ ಕಲ್ಲಂಗಡಿಗೆ ಈ ವಿಷವನ್ನೇ ಚುಚ್ಚುತ್ತಾರೆ ಅಂತ ವಾಟ್ಸಾಪ್‌ನಲ್ಲಿ ಬಂದಿದ್ದು ನಿಜ ಅನ್ನಿ! ದ್ರಾಕ್ಷಿಗೂ ಇದೇ ಅಂತೆ.

ಜಿಕೆವಿಕೆ ಹುಡುಗ, ಊರು ಕುಣಿಗಲ್

ಎರಡೂ ಸುಳ್ಳು ಅಣ್ಣ. ದಯವಿಟ್ಟು ಅದನ್ನು ಮುಂದಕ್ಕೆ ಕಳಿಸಬೇಡಿ. ಬೆಳೆದವರ ಹೊಟ್ಟೆ ಮೇಲೆ ಹೊಡೆದ ಹಾಗೆ ಆಗುತ್ತದೆ.

ಕಲ್ಲಂಗಡಿ ವಿಷಯ ಹೀಗೆ. ಮಾಮೂಲಿ ಕಲ್ಲಂಗಡಿಯಲ್ಲಿ 22 ಕ್ರೋಮೋಸೋಮ್. ತಳಿ ಮಾಡುವವರು ಎಳೆ ಸಸಿಯ ಕುಡಿಗೆ ಕಾಲ್ಚಿಸಿನ್ ಹಚ್ಚಿ 44 ಇರುವ ಗಿಡ ಮಾಡಿಕೊಳ್ಳುತ್ತಾರೆ. ಆ ಗಿಡದಿಂದ ಬೀಜ ತೆಗೆದು, ತಲೆಮಾರುಗಳ ಕಾಲ ಅದನ್ನು ಬೆಳೆಸಿ, ಆಮೇಲೆ 22ರ ಗಿಡದ ಜೊತೆ ಕ್ರಾಸ್ ಮಾಡುತ್ತಾರೆ. ಬರುವ ಬೀಜದಲ್ಲಿ 33. ಮೂರು ಮೂರು ಇದ್ದಾಗ ಜೋಡಿ ಸರಿ ಹೊಂದುವುದಿಲ್ಲ, ಹಾಗಾಗಿ ಹಣ್ಣಿನೊಳಗೆ ಬೀಜ ಬಲಿಯುವುದಿಲ್ಲ. ಇದನ್ನು ಮಾಡಿ ತೋರಿಸಿದ್ದು ಜಪಾನಿನ ಕಿಹಾರಾ, 1951ರಲ್ಲಿ ಪ್ರಕಟ ಆಯಿತು. ನೀವು ತಿನ್ನುವ ಹಣ್ಣಿಗೂ ಆ ಬಾಟಲಿಗೂ ಸಂಬಂಧವೇ ಇಲ್ಲ. ಔಷಧ ಮುಟ್ಟಿದ್ದು ಅದರ ಅಜ್ಜಿಯ ಅಜ್ಜಿ ಗಿಡವನ್ನು.

ದ್ರಾಕ್ಷಿಗೆ ಕಾಲ್ಚಿಸಿನ್ ಬಳಸುವುದೇ ಇಲ್ಲ. ಥಾಂಪ್ಸನ್ ಸೀಡ್‌ಲೆಸ್ ಹುಟ್ಟಿನಿಂದಲೇ ಹಾಗೆ, ಬೀಜ ಶುರುವಾಗಿ ಅರ್ಧಕ್ಕೇ ನಿಲ್ಲುತ್ತದೆ. ಚಿಕ್ಕಬಳ್ಳಾಪುರ ಕಡೆ ಗೊನೆ ಅದ್ದುವುದು ಜಿಬ್ಬರಲಿಕ್ ಆಸಿಡ್‌ನಲ್ಲಿ, ಕಾಯಿ ದಪ್ಪ ಆಗಲು.

ಮಾಲೂರು ಹಣ್ಣಿನ ತೋಟ

ಜಿಬ್ಬರಲಿಕ್ ಗೊತ್ತು, ನಾವೂ ಅದ್ದುತ್ತೇವೆ. ಅದಕ್ಕೇ ಸೀಡ್‌ಲೆಸ್ ಕಲ್ಲಂಗಡಿ ಬೀಜ ಅಷ್ಟು ದುಬಾರಿನಾ? ಮೊಳಕೆಯೂ ಕಷ್ಟಪಟ್ಟು ಬರುತ್ತದೆ.

ಜಿಕೆವಿಕೆ ಹುಡುಗ, ಊರು ಕುಣಿಗಲ್

ಹೌದು. ಜೊತೆಗೆ ಪರಾಗಕ್ಕೆ ಮಾಮೂಲಿ ತಳಿಯ ಸಾಲು ಮಧ್ಯೆ ಹಾಕಲೇಬೇಕು, ಇಲ್ಲದಿದ್ದರೆ ಕಾಯಿ ಕಚ್ಚುವುದಿಲ್ಲ.

ನಮ್ಮ ಕುಣಿಗಲ್‌ನದೇ ಒಂದು ಸಂಗತಿ ಹೇಳುತ್ತೇನೆ. 2021ರ ಡಿಸೆಂಬರ್‌ನಲ್ಲಿ ಅಲ್ಲಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಮತ್ತು ಸಿಮಿಟ್ ಎಂಬ ಅಂತರರಾಷ್ಟ್ರೀಯ ಮುಸುಕಿನ ಜೋಳ-ಗೋಧಿ ಸಂಶೋಧನಾ ಸಂಸ್ಥೆ ಸೇರಿ ಮುಸುಕಿನ ಜೋಳದ ಡಬಲ್ಡ್ ಹ್ಯಾಪ್ಲಾಯ್ಡ್ ಘಟಕ ಶುರು ಮಾಡಿದವು. ಮುಸುಕಿನ ಜೋಳದಲ್ಲಿ 20 ಕ್ರೋಮೋಸೋಮ್. ವಿಶೇಷ ಗಂಡು ತಳಿ ಬಳಸಿ ಅರ್ಧ, ಅಂದರೆ 10 ಮಾತ್ರ ಇರುವ ಬೀಜ ಪಡೆಯುತ್ತಾರೆ. ಕಾಳಿನ ಮೇಲಿನ ನೇರಳೆ ಬಣ್ಣ ನೋಡಿ ಅವನ್ನು ಆರಿಸುತ್ತಾರೆ. ಮೊಳಕೆ ಬಂದ ಸಸಿಗೆ ಕಾಲ್ಚಿಸಿನ್ ಉಪಚಾರ ಮಾಡಿದರೆ ಹತ್ತು ಇಪ್ಪತ್ತಾಗುತ್ತದೆ. ಎರಡೂ ಪ್ರತಿ ಒಂದೇ, ಆದ್ದರಿಂದ ತಳಿ ಒಂದೇ ಸಲಕ್ಕೆ ಪಕ್ಕಾ ಶುದ್ಧ. ಹಳೇ ಪದ್ಧತಿಯಲ್ಲಿ ಆರೆಂಟು ತಲೆಮಾರು ಬೇಕಾಗಿದ್ದ ಕೆಲಸ ಎರಡು ಮೂರು ಬೆಳೆಯಲ್ಲಿ ಮುಗಿಯುತ್ತದೆ. ಇದು ನಮ್ಮ ತಾಲ್ಲೂಕಿನಲ್ಲೇ ಇದೆ ಅಂತ ನಮ್ಮ ಕಾಲೇಜು ಮಕ್ಕಳಿಗೆ ಗೊತ್ತಿಲ್ಲ ಅನ್ನುವುದೇ ಬೇಜಾರು.

ಗುಬ್ಬಿ ಬಾಟನಿ

ಅಯ್ಯೋ, ಇಷ್ಟು ಹತ್ತಿರ! ಅನುಮತಿ ಸಿಕ್ಕರೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ.

ಶಿಡ್ಲಘಟ್ಟ ರೇಷ್ಮೆ

ಹಿಪ್ಪುನೇರಳೆಗೂ ಇದನ್ನು ಮಾಡಿದ್ದಾರಲ್ಲ? ನಮ್ಮ ಕಡೆ ಟ್ರೇನಿಂಗ್‌ನಲ್ಲಿ ಹೇಳಿದ ನೆನಪು.

ಜಿಕೆವಿಕೆ ಹುಡುಗ, ಊರು ಕುಣಿಗಲ್

ಮಾಡಿದ್ದಾರೆ ಅಣ್ಣ. ಮಾಮೂಲಿ ಹಿಪ್ಪುನೇರಳೆ 28. ಕುಡಿಗೆ ಕಾಲ್ಚಿಸಿನ್ ಹಾಕಿ 56 ಮಾಡಿ, ಅದರಿಂದ 42ರ ತಳಿ ಪಡೆಯುತ್ತಾರೆ. ಎಲೆ ದಪ್ಪ, ದೊಡ್ಡದು. ಬಂಗಾಳದಲ್ಲಿ ಹೆಸರು ಮಾಡಿದ ಎಸ್-1635 ಕೂಡ 42ರದ್ದು. ನಿಮ್ಮ ತೋಟದಲ್ಲಿರುವುದು ವಿ-1 ತಳಿ ಆದರೆ ಅದು 28ರದ್ದೇ.

ಶಿಡ್ಲಘಟ್ಟ ರೇಷ್ಮೆ

ವಿ-1 ಒಂದೇ ನಮ್ಮ ಹೊಟ್ಟೆ ತುಂಬಿಸಿರುವುದು. ಗೂಡಿನ ರೇಟ್ ಒಂದು ಸರಿಯಾಗಿ ನಿಂತರೆ ಸಾಕು.

ಚಿಂತಾಮಣಿ ಮೆಡಿಕಲ್ಸ್

ಮೇಡಂ, ನಿಮ್ಮ ಕಾಲೇಜಿನವರು ಬೇಡ ಎನ್ನುವುದರಲ್ಲಿ ಅರ್ಥ ಇದೆ, ನಾನು ಅವರ ಕಡೆ. ಈ ಔಷಧಿಯಲ್ಲಿ ಗುಣ ಕೊಡುವ ಡೋಸಿಗೂ ಕೆಡುಕು ಮಾಡುವ ಡೋಸಿಗೂ ನಡುವೆ ಜಾಗ ಬಹಳ ಕಡಿಮೆ. ಕಿಡ್ನಿ ದುರ್ಬಲ ಇರುವವರಿಗೆ ಡಾಕ್ಟರ್ ಇನ್ನೂ ಹುಷಾರಾಗಿ ಬರೆಯುತ್ತಾರೆ. ಕ್ಲಾರಿಥ್ರೋಮೈಸಿನ್ ಆಂಟಿಬಯೋಟಿಕ್ ಜೊತೆ ಕೊಡಲೇಬಾರದು ಅಂತ ನಾವು ಚೀಟಿ ಎರಡು ಸಲ ನೋಡುತ್ತೇವೆ. ಜಾಸ್ತಿ ಆದರೆ ಮೊದಲು ವಾಂತಿ ಭೇದಿ. ಆಮೇಲೆ ಎಲುಬಿನ ಮಜ್ಜೆಗೆ ಪೆಟ್ಟು, ರಕ್ತಕಣ ಇಳಿಯುತ್ತದೆ. ಕೆಟ್ಟದ್ದು ಏನೆಂದರೆ ಲಕ್ಷಣ ತಕ್ಷಣ ಕಾಣುವುದಿಲ್ಲ, ಕೆಲವು ಗಂಟೆ ಏನೂ ಆಗಿಲ್ಲ ಅನಿಸುತ್ತದೆ. ಇದಕ್ಕೆ ಪ್ರತಿವಿಷ ಅಂತ ಆಸ್ಪತ್ರೆಯಲ್ಲಿ ಕೊಡುವಂಥದ್ದು ಇಲ್ಲ, ಡಯಾಲಿಸಿಸ್‌ನಲ್ಲೂ ಹೋಗುವುದಿಲ್ಲ. ಮಾತ್ರೆಯಲ್ಲಿರುವುದು ಅರ್ಧ ಮಿಲಿಗ್ರಾಂ. ಲ್ಯಾಬಿನ ಬಾಟಲಿಯಲ್ಲಿ ಒಂದು ಗ್ರಾಂ ಪುಡಿ ಇದ್ದರೂ ಅದು ಎರಡು ಸಾವಿರ ಮಾತ್ರೆ. ಹತ್ತೊಂಬತ್ತು ವರ್ಷದ ಮಕ್ಕಳ ಕೈಗೆ ಅದನ್ನು ಕೊಡುತ್ತೀರಾ?

ತಿಪಟೂರು ನಿವೃತ್ತ ಮೇಷ್ಟ್ರು

ಪುಡಿ ಮಕ್ಕಳ ಕೈಗೆ ಯಾರು ಕೊಡುತ್ತಾರೆ? ಕಾನ್ಸಂಟ್ರೇಟೆಡ್ ಸಲ್ಫ್ಯೂರಿಕ್ ಆಸಿಡ್ ಇಲ್ಲದ ಕೆಮಿಸ್ಟ್ರಿ ಲ್ಯಾಬ್ ಇದೆಯಾ? ಅಪಾಯ ಇದೆ ಅಂತ ಎಲ್ಲವನ್ನೂ ತೆಗೆದುಹಾಕಿದರೆ ಉಳಿಯುವುದು ಬೆಂಚು, ಸ್ಟೂಲು ಅಷ್ಟೇ. ಯೂಟ್ಯೂಬ್‌ನಲ್ಲಿ ತೋರಿಸಿ ಮುಗಿಸಿ ಎನ್ನುವವರನ್ನೂ ನೋಡಿದ್ದೇನೆ. ಹಾಗೆ ಕಲಿತವರು ನಾಳೆ ಎಂಎಸ್ಸಿಗೆ ಹೋಗಿ ಒದ್ದಾಡುತ್ತಾರೆ.

ಬಂಗಾರಪೇಟೆ ಟ್ರೈನ್

ಮೇಷ್ಟ್ರ ಮಾತಿಗೂ ಮೆಡಿಕಲ್ಸ್ ಅಣ್ಣನ ಮಾತಿಗೂ ನನ್ನ ಕಡೆಯಿಂದ ಒಂದೊಂದು ಓಟು. ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಸೈಟೋಜೆನೆಟಿಕ್ಸ್, ಅಂದರೆ ಕ್ರೋಮೋಸೋಮ್ ಪರೀಕ್ಷೆಯ ಟೆಕ್ನಿಷಿಯನ್. ನಮ್ಮ ಇಡೀ ಕೆಲಸ ನಿಂತಿರುವುದು ಇದರ ಮೇಲೆ.

ಮತ್ತೆ ಮತ್ತೆ ಗರ್ಭ ಇಳಿದ ದಂಪತಿಗಳು, ಡೌನ್ ಸಿಂಡ್ರೋಮ್ ಅನುಮಾನ ಇರುವ ಪುಟ್ಟ ಮಕ್ಕಳು, ರಕ್ತದ ಕ್ಯಾನ್ಸರ್ ಇರುವವರು, ಇವರೆಲ್ಲರ ಸ್ಯಾಂಪಲ್ ಬರುತ್ತದೆ. ಹುಟ್ಟಿನ ತೊಂದರೆ ನೋಡಬೇಕಾದರೆ ರಕ್ತವನ್ನು 72 ಗಂಟೆ ಕಲ್ಚರ್ ಮಾಡುತ್ತೇವೆ. ಬಿಳಿ ಕಣಗಳು ವಿಭಜನೆಗೆ ಇಳಿಯಲಿ ಅಂತ ಪಿಎಚ್‌ಎ ಹಾಕುತ್ತೇವೆ. ಕೊನೆಯಲ್ಲಿ ಸ್ವಲ್ಪ ಹೊತ್ತು ಕಾಲ್ಸೆಮಿಡ್, ಅದು ಕಾಲ್ಚಿಸಿನ್‌ನ ತಂಗಿ, ವಿಷ ಕಡಿಮೆ. ಆಗ ವಿಭಜನೆಯಲ್ಲಿದ್ದ ಕೋಶಗಳೆಲ್ಲ ಅಲ್ಲೇ ನಿಲ್ಲುತ್ತವೆ. ಆಮೇಲೆ ತೆಳು ಪೊಟ್ಯಾಸಿಯಂ ಕ್ಲೋರೈಡ್ ನೀರು, ಕೋಶ ಉಬ್ಬಿ ಕ್ರೋಮೋಸೋಮ್ ಹರಡುತ್ತವೆ. ಕಾಲ್ಸೆಮಿಡ್ ಹೊತ್ತು ಮೀರಿದರೆ ಕ್ರೋಮೋಸೋಮ್ ತುಂಬಾ ಗಿಡ್ಡ ಆಗಿಬಿಡುತ್ತದೆ, ಬಣ್ಣ ಹಾಕಿದಾಗ ಅದರ ಮೇಲೆ ಕಾಣುವ ಪಟ್ಟೆ ಓದಲು ಆಗುವುದಿಲ್ಲ. ಕಡಿಮೆ ಆದರೆ ಎಣಿಸಲು ಕೋಶವೇ ಸಿಗುವುದಿಲ್ಲ. ಗಡಿಯಾರ ನೋಡಿಕೊಂಡೇ ಮಾಡುವ ಕೆಲಸ.

ಮನುಷ್ಯನಿಗೆ 46 ಕ್ರೋಮೋಸೋಮ್ ಅಂತ ಗೊತ್ತಾಗಿದ್ದು 1956ರಲ್ಲಿ. ಅಲ್ಲಿಯವರೆಗೆ ಮೂವತ್ತು ವರ್ಷಕ್ಕಿಂತ ಜಾಸ್ತಿ ಕಾಲ 48 ಅಂತಲೇ ಪಾಠ ಮಾಡುತ್ತಿದ್ದರು. ಸ್ವೀಡನ್ನಿನಲ್ಲಿ ಜೋ ಹಿನ್ ಟ್ಜಿಯೊ ಮತ್ತು ಲೆವಾನ್ ಕಾಲ್ಚಿಸಿನ್ ಹಾಕಿ, ಉಬ್ಬಿಸಿ, ಹರಡಿ ಎಣಿಸಿದರು. ಮೂರು ವರ್ಷಕ್ಕೆ ಡೌನ್ ಸಿಂಡ್ರೋಮ್‌ನಲ್ಲಿ 21ನೇ ಕ್ರೋಮೋಸೋಮ್ ಒಂದು ಹೆಚ್ಚಿದೆ ಅಂತ ಗೊತ್ತಾಯಿತು.

ಇಷ್ಟು ಹೇಳಿದ ಮೇಲೆ ಸುರಕ್ಷತೆ. ನಮ್ಮಲ್ಲಿ ಪುಡಿ ತೂಗುವುದೇ ಇಲ್ಲ. ರೆಡಿ ದ್ರಾವಣವನ್ನೇ ತರಿಸುತ್ತೇವೆ. ಅಪಾಯ ಜಾಸ್ತಿ ಇರುವುದು ಪುಡಿ ಹಾರುವಾಗ, ಉಸಿರಲ್ಲಿ ಹೋಗುತ್ತದೆ. ಗ್ಲೌಸ್ ಇಲ್ಲದೆ ಬಾಟಲಿ ಮುಟ್ಟುವಂತಿಲ್ಲ. ಬಸುರಿ ಸಹೋದ್ಯೋಗಿಗಳಿಗೆ ಆ ಬೆಂಚು ಕೊಡುವುದಿಲ್ಲ. ಗುಬ್ಬಿ ಮೇಡಂ, ನಿಮ್ಮ ಲ್ಯಾಬಿನಲ್ಲಿ ಫ್ಯೂಮ್ ಹುಡ್, ಅಂದರೆ ಆವಿ, ಪುಡಿ ಹೊರಗೆ ಎಳೆಯುವ ಪೆಟ್ಟಿಗೆ ಇದೆಯಾ?

ಗುಬ್ಬಿ ಬಾಟನಿ

ಫ್ಯೂಮ್ ಹುಡ್ ಇಲ್ಲ. ಕಿಟಕಿ ಇದೆ.

ಬಂಗಾರಪೇಟೆ ಟ್ರೈನ್

ಹಾಗಾದರೆ ಪುಡಿ ಬೇಡವೇ ಬೇಡ ಮೇಡಂ.

ಕ್ಯಾತ್ಸಂದ್ರ ಹುಡುಗ

ಓದುತ್ತಾ ಕೂತು ತಟ್ಟೆ ಇಡ್ಲಿ ಆರಿಹೋಯಿತು. ಒಳ್ಳೇ ಚರ್ಚೆ, ನಿಲ್ಲಿಸಬೇಡಿ.

ಮಧುಗಿರಿ ಸೆಲ್ ಲ್ಯಾಬ್

ರಿಸರ್ಚ್ ಲ್ಯಾಬಿನಲ್ಲಿ ನಾವು ಕೋಶ ಕಲ್ಚರ್‌ಗೆ ನೊಕೊಡಜೋಲ್ ಬಳಸುತ್ತೇವೆ. ಅದೂ ಟ್ಯೂಬ್ಯುಲಿನ್‌ಗೇ ಅಂಟುತ್ತದೆ, ಆದರೆ ಬಿಡಿಸಿಕೊಳ್ಳುತ್ತದೆ. ಕಾಲ್ಚಿಸಿನ್ ಒಮ್ಮೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ನಮಗೆ ಬೇಕಿರುವುದು ಸುಮಾರು ಕೋಶಗಳನ್ನು ಒಂದೇ ಹಂತದಲ್ಲಿ ನಿಲ್ಲಿಸಿ, ಔಷಧ ತೊಳೆದು, ಎಲ್ಲವೂ ಒಟ್ಟಿಗೆ ಮುಂದೆ ಹೋಗುವುದನ್ನು ನೋಡುವುದು. ತೊಳೆದರೆ ಸ್ವಲ್ಪ ಹೊತ್ತಿಗೇ ನಾರುಗಳು ಮತ್ತೆ ಕಟ್ಟಿಕೊಳ್ಳುತ್ತವೆ. ನೊಕೊಡಜೋಲ್ ಕರಗಿಸುವುದು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ, ಅದು ಔಷಧವನ್ನು ಚರ್ಮದ ಮೂಲಕ ಒಳಗೆ ಒಯ್ಯುತ್ತದೆ, ಅದಕ್ಕೇ ಗ್ಲೌಸ್ ವಿಷಯದಲ್ಲಿ ನಾನು ಜೂನಿಯರ್‌ಗಳ ಜೊತೆ ಜಗಳಕ್ಕೇ ನಿಲ್ಲುತ್ತೇನೆ. ಈರುಳ್ಳಿಗೆ ನೊಕೊಡಜೋಲ್ ಬೇಡ, ದುಡ್ಡು ದಂಡ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಗಿಡದ ಟ್ಯೂಬ್ಯುಲಿನ್‌ಗೆ ಕಾಲ್ಚಿಸಿನ್ ಅಷ್ಟು ಚೆನ್ನಾಗಿ ಅಂಟುವುದಿಲ್ಲ, ಪ್ರಾಣಿಗಳದ್ದಕ್ಕೆ ಬಿಗಿಯಾಗಿ ಅಂಟುತ್ತದೆ. ಅದನ್ನು ತಯಾರಿಸುವ ಗಿಡ ತನ್ನ ವಿಷದಲ್ಲೇ ಸಾಯದೆ ಇರುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಈರುಳ್ಳಿಗೆ ಬೇಕಾಗುವ ಪ್ರಮಾಣ ಮನುಷ್ಯ ಕೋಶಕ್ಕೆ ಬೇಕಾಗುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಅಂದರೆ ಕಾಲೇಜು ಪ್ರಾಕ್ಟಿಕಲ್‌ನಲ್ಲಿ ನಾವು ಗಿಡಕ್ಕೆ ಸಾಲದ, ನಮಗೆ ಅತಿಯಾದ ವಿಷವನ್ನು ಮೇಜಿನ ಮೇಲೆ ಇಡುತ್ತಿದ್ದೇವೆ. ನನಗೆ ಇದು ಸರಿ ಕಾಣುವುದಿಲ್ಲ ಮೇಷ್ಟ್ರೇ.

ಮುಳಬಾಗಿಲು ರೈತ

ಹಾಗಾದರೆ ಗಿಡಕ್ಕೆ ಮಾತ್ರ ಹಿಡಿಯುವಂಥದ್ದು ಏನೂ ಇಲ್ವಾ?

ಜಿಕೆವಿಕೆ ಹುಡುಗ, ಊರು ಕುಣಿಗಲ್

ಇದೆ ಅಣ್ಣ, ಬಹುಶಃ ನಿಮ್ಮ ಶೆಡ್‌ನಲ್ಲೇ ಇದೆ. ಪೆಂಡಿಮೆಥಾಲಿನ್! ಈರುಳ್ಳಿ, ಕಡಲೆಕಾಯಿ ಹೊಲದಲ್ಲಿ ಕಳೆ ಹುಟ್ಟುವ ಮೊದಲೇ ಹೊಡೆಯುತ್ತೀರಲ್ಲ, ಅದು ಕಳೆಯ ಬೇರಿನಲ್ಲಿ ಇದೇ ನಾರು ಕಟ್ಟದ ಹಾಗೆ ಮಾಡುತ್ತದೆ. ಕಳೆಯ ಬೇರಿನ ತುದಿ ಗುಂಡಗೆ ಊದಿರುವುದು ನೋಡಿರಬಹುದು. ಕಾಲ್ಚಿಸಿನ್‌ನಲ್ಲಿಟ್ಟ ಈರುಳ್ಳಿ ಬೇರೂ ಹಾಗೇ ಊದುತ್ತದೆ. ಇದೇ ಜಾತಿಯ ಒರೈಜಾಲಿನ್, ಟ್ರೈಫ್ಲುರಾಲಿನ್ ಅನ್ನು ತಳಿ ಮಾಡುವ ಲ್ಯಾಬ್‌ಗಳು ಕಾಲ್ಚಿಸಿನ್ ಬದಲು ಬಳಸುತ್ತವೆ. ಪ್ರಾಣಿಗಳ ಟ್ಯೂಬ್ಯುಲಿನ್‌ಗೆ ಅವು ಸರಿಯಾಗಿ ಅಂಟುವುದಿಲ್ಲ.

ಮುಳಬಾಗಿಲು ರೈತ

ಇಷ್ಟು ವರ್ಷ ಹೊಡೆದಿದ್ದೇನೆ, ಒಳಗೆ ಏನಾಗುತ್ತದೆ ಅಂತ ಇವತ್ತು ತಿಳಿಯಿತು. ಅಂಗಡಿಯವರು ಎಕರೆಗೆ ಎಷ್ಟು ಅಂತ ಮಾತ್ರ ಹೇಳುತ್ತಾರೆ.

ದೇವರಾಯನದುರ್ಗ ಚಾರಣ

ಕಾಲ್ಚಿಸಿನ್ ಬರುವುದು ಯಾವ ಗಿಡದಿಂದ? ಗೌರಿ ಹೂವಿನಲ್ಲೂ ಇದೆ ಅಂತ ಕೇಳಿದ್ದೆ. ಮಳೆಗಾಲದಲ್ಲಿ ನಮ್ಮ ಬೆಟ್ಟದ ಕಡೆ ಬೇಲಿ ಮೇಲೆ ಹಬ್ಬಿ ಕೆಂಪು ಹಳದಿ ಬೆಂಕಿ ತರಹ ಅರಳುತ್ತದೆ.

ತಿಪಟೂರು ನಿವೃತ್ತ ಮೇಷ್ಟ್ರು

ಸರಿಯಾಗಿ ಕೇಳಿದ್ದೀರಿ. 1820ರಲ್ಲಿ ಫ್ರಾನ್ಸಿನ ಪೆಲ್ಟಿಯೆ ಮತ್ತು ಕವಾಂತು ಮೊದಲು ಬೇರ್ಪಡಿಸಿದ್ದು ಯುರೋಪಿನ ಕಾಲ್ಚಿಕಂ ಗಿಡದ ಗೆಡ್ಡೆಯಿಂದ. ನಮ್ಮ ದೇಶದಲ್ಲಿ ಗೌರಿ ಹೂವಿನ ಬೀಜವೇ ಮೂಲ. ತಮಿಳುನಾಡಿನ ರೈತರು ಬೀಜಕ್ಕಾಗಿಯೇ ಬೆಳೆಯುತ್ತಾರೆ, ಅದು ಅವರ ರಾಜ್ಯ ಪುಷ್ಪ ಕೂಡ. ಬೀಜ, ಗೆಡ್ಡೆ ಎಲ್ಲದರಲ್ಲೂ ವಿಷ ಇದೆ. ಗೆಣಸು ಅಂತ ತಿಳಿದು ಗೆಡ್ಡೆ ಬೇಯಿಸಿ ತಿಂದವರು ಸತ್ತಿದ್ದಾರೆ. ಮಕ್ಕಳನ್ನು ಕರೆದುಕೊಂಡು ಬೆಟ್ಟ ಹತ್ತುವವರು ಹೂವು ತೋರಿಸಿ, ಅಗೆಯಲು ಬಿಡಬೇಡಿ.

ಚಿಂತಾಮಣಿ ಮೆಡಿಕಲ್ಸ್

ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ ಮೇಷ್ಟ್ರೇ. ಕೀಲು ನೋವಿಗೆ ಮನೆಮದ್ದು ಅಂತ ಆ ಗೆಡ್ಡೆ ಅರೆದು ಕುಡಿಯಲು ಹೇಳುವವರು ಇನ್ನೂ ಇದ್ದಾರೆ. ಮಾತ್ರೆಯಲ್ಲಿ ಅರ್ಧ ಮಿಲಿಗ್ರಾಂ ಅಂದರೆ ಅರ್ಧವೇ. ಗೆಡ್ಡೆಯಲ್ಲಿ ಎಷ್ಟು ಇದೆ ಅಂತ ಅಳೆದವರು ಯಾರು?

ಪಾವಗಡ ಎಂಎಸ್ಸಿ

ಮೇಡಂ ಕೇಳಿದ ಪ್ರಶ್ನೆಗೆ ವಾಪಸ್ ಬರೋಣ. ನಮ್ಮ ಲ್ಯಾಬಿನಲ್ಲಿ ಪ್ಯಾರಾ ಡೈಕ್ಲೋರೋಬೆಂಜೀನ್ ಬಳಸುತ್ತಿದ್ದೆವು. ಟಾಯ್ಲೆಟ್‌ನಲ್ಲಿ ಹಾಕುವ ವಾಸನೆ ಗುಳಿಗೆ ಇರುತ್ತದಲ್ಲ, ಅದೇ. ನೀರಿನಲ್ಲಿ ಕರಗುವಷ್ಟು ಕರಗಿಸಿ ಮೂರು ಗಂಟೆ ಬೇರು ಇಟ್ಟರೆ ಸಾಕು.

ಮಧುಗಿರಿ ಸೆಲ್ ಲ್ಯಾಬ್

ಕೆಲಸ ಮಾಡುತ್ತದೆ, ಒಪ್ಪುತ್ತೇನೆ. ಆದರೆ ಅದರ ಆವಿ ಒಳ್ಳೆಯದಲ್ಲ, ಕ್ಯಾನ್ಸರ್ ತರಬಹುದಾದ ಪಟ್ಟಿಯಲ್ಲಿ ಇದೆ. ಬಾಟಲಿಗೆ ಮುಚ್ಚಳ ಬಿಗಿಯಾಗಿರಬೇಕು. ಅದಕ್ಕಿಂತ 8-ಹೈಡ್ರಾಕ್ಸಿಕ್ವಿನೋಲಿನ್ ವಾಸಿ, 0.002 ಮೋಲಾರ್, ತಣ್ಣಗಿನ ಜಾಗದಲ್ಲಿ ಮೂರು ನಾಲ್ಕು ಗಂಟೆ. ಗ್ಲೌಸ್ ಅದಕ್ಕೂ ಬೇಕು. ಕ್ರೋಮೋಸೋಮಿನ ಸೊಂಟ, ಅಂದರೆ ಅದು ಕಿರಿದಾಗುವ ಜಾಗ ಕೂಡ ಸ್ಪಷ್ಟ ಕಾಣುತ್ತದೆ.

ಯಾವ ರಾಸಾಯನಿಕವೂ ಬೇಡ ಎಂದರೆ ಐಸ್ ನೀರು. ಚಳಿಗೆ ಆ ನಾರುಗಳು ತಾವೇ ಬಿಚ್ಚಿಕೊಳ್ಳುತ್ತವೆ. ಗೋಧಿ, ಬಾರ್ಲಿ ಬೇರಿಗೆ ಸೊನ್ನೆ ಡಿಗ್ರಿಯಲ್ಲಿ 24 ಗಂಟೆ ಇಡುವುದು ಹಳೇ ಕ್ರಮ.

ತಿಪಟೂರು ನಿವೃತ್ತ ಮೇಷ್ಟ್ರು

ಐಸ್ ನೀರಿನಲ್ಲಿ ಕಾಲ್ಚಿಸಿನ್‌ನಷ್ಟು ಕೋಶ ನಿಲ್ಲುವುದಿಲ್ಲ, ಹುಡುಕಬೇಕು. ಕ್ವಿನೋಲಿನ್ ಒಳ್ಳೆಯದೇ, ಒಪ್ಪಿದೆ. ನನ್ನ ಹಟ ಬಾಟಲಿಗಾಗಿ ಅಲ್ಲಪ್ಪ. ಮಕ್ಕಳು ಹದಿನಾರನ್ನು ಕಣ್ಣಾರೆ ಎಣಿಸಲಿ ಅಂತ. ಯಾವುದರಲ್ಲಿ ನೆನೆಸಿದರೇನು.

ಗುಬ್ಬಿ ಬಾಟನಿ

ಎಲ್ಲರಿಗೂ ತುಂಬಾ ಧನ್ಯವಾದ. ಈ ಸಲ ಅರ್ಧ ಬ್ಯಾಚ್ ಕ್ವಿನೋಲಿನ್, ಅರ್ಧ ಬ್ಯಾಚ್ ಐಸ್ ನೀರು. ಯಾವುದರಲ್ಲಿ ಜಾಸ್ತಿ ಕೋಶ ನಿಂತಿವೆ ಅಂತ ಮಕ್ಕಳೇ ಎಣಿಸಿ ಬರೆಯಲಿ. ಕಾಲ್ಚಿಸಿನ್ ಬೇಕು ಅಂತ ಅರ್ಜಿ ಕೊಡುವುದಿಲ್ಲ. ಒಂದು ತೊಂದರೆ ಉಳಿದಿದೆ, ಸಂತೆಯಿಂದ ತಂದ ಈರುಳ್ಳಿ ಬೇರೇ ಬಿಡುತ್ತಿಲ್ಲ.

ಶಿಡ್ಲಘಟ್ಟ ರೇಷ್ಮೆ

ಹೊಸ ಈರುಳ್ಳಿ ತಂದಿರಬೇಕು. ಕಿತ್ತ ಕೂಡಲೇ ಗೆಡ್ಡೆ ನಿದ್ದೆಯಲ್ಲಿರುತ್ತದೆ, ಬೇರು ಬಿಡುವುದಿಲ್ಲ. ಹಳೇ ದಾಸ್ತಾನು ಕೇಳಿ. ನಮ್ಮ ಕಡೆ ಗುಲಾಬಿ ಈರುಳ್ಳಿ ಇದ್ದರೂ ಆಗುತ್ತದೆ, ಚಿಕ್ಕದು, ಟೆಸ್ಟ್ ಟ್ಯೂಬ್ ಬಾಯಿ ಮೇಲೇ ಕೂರುತ್ತದೆ.

ಪಾವಗಡ ಎಂಎಸ್ಸಿ

ಹಳೇ ಬೇರನ್ನು ಬ್ಲೇಡಿನಲ್ಲಿ ಕೆರೆದು ತೆಗೆಯಿರಿ ಮೇಡಂ, ಹೊಸದು ಬೇಗ ಬರುತ್ತದೆ. ಬುಡ ಮಾತ್ರ ನೀರಿಗೆ ತಾಗಬೇಕು, ಇಲ್ಲದಿದ್ದರೆ ಕೊಳೆಯುತ್ತದೆ. ನೀರು ದಿನಾ ಬದಲಿಸಿ. ಬೇರು ಒಂದೆರಡು ಸೆಂಟಿಮೀಟರ್ ಆದಾಗಲೇ ಬೆಳಿಗ್ಗೆ ಹೊತ್ತು ಕತ್ತರಿಸಿ, ಉದ್ದ ಬಿಟ್ಟರೆ ತುದಿಯಲ್ಲಿ ವಿಭಜನೆ ಕಡಿಮೆ ಆಗುತ್ತದೆ.